ವಾರಗಿತ್ತಿಯ ಹಜಾರ, ನನ್ನ ಗೋಡೆ

ಹೊಟ್ಟೆಕಿಚ್ಚು ನನ್ನ ಜಾಯಮಾನದಲ್ಲೇ ಇಲ್ಲ. ಬೇಕಾದರೆ ದೇಜೊನ್ ಊರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ನನ್ನ ಗಂಡನೊಬ್ಬನನ್ನು ಬಿಟ್ಟು! ಆದ್ದರಿಂದ ನಮ್ಮ ಹಜಾರಕ್ಕೂ ಮಗಳ ಕೋಣೆಗೂ ನಡುವೆ ಇರುವ ಗೋಡೆಯನ್ನು ಹಿರಿಯರಿಗೆ ಎಡೆ ಇಡುವ ಚೂಸಕ್ ಹಬ್ಬದೊಳಗೆ ನೆಲಸಮ ಮಾಡಿಯೇ ತೀರುತ್ತೇನೆಂದು ನಾನು ಶಪಥ ತೊಟ್ಟಿದ್ದು ಶುದ್ಧ ಗಾಳಿ-ಬೆಳಕಿನ ಕಾಳಜಿಯಿಂದ. ಮಗಳು ದಾಬಿನ್ ಓದಲು ಬೇರೆ ಊರಿಗೆ ಹೋಗಿದ್ದಾಳೆ, ಕೋಣೆ ಖಾಲಿ ಬಿದ್ದಿದೆ, ಗಾಳಿ ಆಡಲಿ ಎಂದು. ನನ್ನ ವಾರಗಿತ್ತಿ ಬೋರಾಳ ಹಜಾರ ನನ್ನದಕ್ಕಿಂತ ದೊಡ್ಡದಾಗಿದ್ದದ್ದು ಬರೀ ಕಾಕತಾಳೀಯ!

ಬೋರಾ ನನ್ನ ಮೈದುನ ಚಾನ್ಸುವಿನ ಹೆಂಡತಿ. ಅವರು ಊರಾಚೆಯ ಹೊಸ ಅಪಾರ್ಟ್‌ಮೆಂಟಿಗೆ ಸೇರಿಕೊಂಡಾಗ ಮನೆ ತೋರಿಸಲು ನೆಂಟರನ್ನೆಲ್ಲ ಊಟಕ್ಕೆ ಕರೆದಿದ್ದರು. ಬಗಲಲ್ಲಿ ಟಿಷ್ಯೂ ಸುರುಳಿಗಳ ದೊಡ್ಡ ಕಟ್ಟು, ಕೈಯಲ್ಲಿ ಬಟ್ಟೆ ಸೋಪಿನ ಪುಡಿ, ಮುಖದಲ್ಲಿ ನಗು. ಹೊಸ ಮನೆಗೆ ಒಯ್ಯಬೇಕಾದದ್ದೆಲ್ಲವನ್ನೂ ಒಯ್ದಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆ ಎತ್ತಿದೆ ನೋಡಿ, ಟಿಷ್ಯೂ ಕಟ್ಟು ಬಗಲಿಂದ ಜಾರಿತು. ಅದು ಹಜಾರವೇ? ಪೊಲೀಸರ ಕವಾಯತು ಮೈದಾನ! ನಮ್ಮ ಮನೆ ಕಟ್ಟಿದ ಕಂಪನಿಯೇ ಅದನ್ನೂ ಕಟ್ಟಿದ್ದು. ಹಾಗಾಗಿ ನಕ್ಷೆ ನನಗೆ ಕಂಠಪಾಠ. ಬಲಕ್ಕೆ ಅಡುಗೆಮನೆ, ಎಡಕ್ಕೆ ಬಚ್ಚಲು, ಎದುರಿಗೆ ಚಿಕ್ಕ ಕೋಣೆ ಇರಬೇಕು. ಇಲ್ಲ! ಕೋಣೆ ಇರಬೇಕಾದ ಜಾಗದಲ್ಲಿ ಉದ್ದನೆಯ ಸೋಫಾ ಕಾಲು ಚಾಚಿಕೊಂಡಿತ್ತು.

“ಗೋಡೆ ಒಡೆಸಿದ್ದಾರೆ ಕಣ್ರೀ,” ಎಂದು ಗಂಡನ ಕಿವಿಯಲ್ಲಿ ಉಸುರಿದೆ.

“ಯಾರದು?” ಎಂದ ಗಂಡ, ಮೀನಿನ ತಟ್ಟೆಯ ಮೇಲಿಂದ ಕಣ್ಣು ಕೀಳದೆ.

ಅತ್ತೆ ಆ ಸೋಫಾಕ್ಕೆ ಬೆನ್ನು ಆನಿಸಿ ನೆಲದ ಮೇಲೆ ಕೂತಿದ್ದರು. ನೆಲ ಬೆಚ್ಚಗಿತ್ತು, ಹೊಟ್ಟೆ ತುಂಬಿತ್ತು, ಸುತ್ತ ನೆಂಟರಿದ್ದರು. ಇಂಥ ಹೊತ್ತಿನಲ್ಲೇ ಅತ್ತೆಯಂದಿರಿಗೆ ಚರಿತ್ರಾರ್ಹ ಯೋಚನೆಗಳು ಬರುವುದು.

“ಈ ಸಲ ಚೂಸಕ್ಕಿಗೆ ಹಿರಿಯರ ಎಡೆ ಇಲ್ಲೇ ಇಡೋಣ,” ಎಂದರು. “ಹಜಾರ ಎಷ್ಟು ವಿಶಾಲವಾಗಿದೆ ನೋಡಿ. ಎಲ್ಲರೂ ಒಂದೇ ಸಾಲಲ್ಲಿ ನಿಂತು ಅಡ್ಡಬೀಳಬಹುದು.”

ನೆಂಟರೆಲ್ಲ ಹೌದು ಹೌದು ಎಂದರು. ನಮ್ಮ ಹಜಾರದಲ್ಲಿ ಗಂಡಸರು ಅಡ್ಡಬೀಳುವಾಗ ಕೊನೆಯ ಸಾಲಿನವರ ಅಂಡು ಬಚ್ಚಲ ಬಾಗಿಲಿಗೆ ತಾಗುವುದು ನಿಜ. ಒಂದು ವರ್ಷ ಒಳಗಿದ್ದ ಚಿಕ್ಕಮಾವ ಹೊರಗೆ ಬರಲಾಗದೆ ಎಡೆ ಮುಗಿಯುವವರೆಗೂ ಅಲ್ಲೇ ಕೂತಿದ್ದರು. ಆದರೆ ಅದನ್ನೇ ನೆನೆಸಿಕೊಂಡು ಎಲ್ಲರೂ ಅಷ್ಟು ಜೋರಾಗಿ ನಗಬೇಕಿತ್ತೇ?

ಈಗ ನನ್ನ ಸ್ಥಿತಿ ಕೇಳಿ. ಹಿರಿಸೊಸೆಯಾಗಿ ಈ ಮನೆ ಹೊಕ್ಕಂದಿನಿಂದ ಚೂಸಕ್ ಬಂತೆಂದರೆ ನನಗೆ ಜ್ವರ ಬರುತ್ತಿತ್ತು. ಸೊಂಗ್‌ಪ್ಯೊನ್ ಕಡುಬು ಕಟ್ಟು, ಮೀನು ಕುಂಬಳಗಳ ಹೋಳನ್ನು ಹಿಟ್ಟು-ಮೊಟ್ಟೆಯಲ್ಲಿ ಅದ್ದಿ ಕಾವಲಿಯ ಮೇಲೆ ಗುಡ್ಡೆಗಟ್ಟಲೆ ಜೊನ್ ಬೇಯಿಸು, ಸೊಪ್ಪು ಬಾಡಿಸು, ಸಾರು ಕುದಿಸು! ನನ್ನ ಹೆಣ ಬಿದ್ದ ಮೇಲೇ ಇದರಿಂದ ಬಿಡುಗಡೆ ಎಂದುಕೊಳ್ಳುತ್ತಿದ್ದೆ. ಮನಸ್ಸಿನಲ್ಲೇ ಅಂದುಕೊಂಡದ್ದು, ಬಾಯಿಬಿಟ್ಟು ಒಂದು ಮಾತು ಆಡಿದವಳಲ್ಲ. ಈಗ ಆ ಬಿಡುಗಡೆ ಪುಕ್ಕಟೆಯಾಗಿ ಸಿಕ್ಕಿತ್ತು. ಕುಣಿದಾಡಬೇಕಾಗಿತ್ತು ನಾನು! ಆದರೆ ಬೇಡ ಬೇಡ ಎಂದು ದೂಡುತ್ತಿದ್ದ ತಟ್ಟೆಯನ್ನು ಪಕ್ಕದವಳು ಎತ್ತಿಕೊಂಡ ಕೂಡಲೇ ಹಸಿವು ಕೆರಳುತ್ತದಲ್ಲ, ಹಾಗಾಯಿತು.

ಬೋರಾ ಬೇರೆ ನನ್ನ ಹತ್ತಿರ ಬಂದು, “ಅಕ್ಕಾ, ನಿಮಗೇನೂ ಬೇಜಾರಿಲ್ಲ ತಾನೇ?” ಎಂದಳು.

“ಅಯ್ಯೋ, ನನಗ್ಯಾಕೆ ಬೇಜಾರು? ಹಾಲು ಕುಡಿದಷ್ಟು ಸಂತೋಷ ಆಯ್ತು,” ಎಂದೆ. ಆ ಹಾಲು ಅಷ್ಟರಲ್ಲೇ ಹೊಟ್ಟೆಯೊಳಗೆ ಒಡೆದುಹೋಗಿತ್ತು.

ಬಸ್ಸಿನಲ್ಲಿ ಮನೆಗೆ ಬರುವಾಗ ಗಂಡ ಕೇಳಿದ, “ನಿನಗೆ ಖುಷಿ ಆಗ್ಬೇಕಲ್ವೇನೇ? ಈ ಸಲ ಆರಾಮಾಗಿ ಕೂತು ತಿನ್ನಬಹುದು.”

“ನಾನು ಖುಷಿಯಾಗೇ ಇದ್ದೀನಿ.”

“ಹಾಗಾದ್ರೆ ನನ್ನ ತೋಳು ಯಾಕೆ ಹಿಂಡ್ತಾ ಇದ್ದೀಯಾ?”

“ರೀ, ನಮ್ಮ ಗೋಡೇನೂ ಒಡೆಸೋಣ!”

ನನ್ನ ಗಂಡ ಮನ್ಸು ಕನ್ನಡಕದ ಅಂಗಡಿ ಇಟ್ಟವನು. ಯಾವ ಮಾತನ್ನೇ ಹೇಳಿ, ಅದನ್ನು ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು ನೋಡಿದ ಮೇಲೆಯೇ ಬಾಯಿ ಬಿಡುವುದು. ಬಸ್ಸು ಎರಡು ನಿಲ್ದಾಣ ದಾಟಿದ ಮೇಲೆ, “ಮೇಲಿನ ಮನೆಗಳು ಬಿದ್ರೆ?” ಎಂದ.

“ಬೋರಾ ಮನೆ ಬಿತ್ತಾ? ಅದೇ ಕಂಪನಿ, ಅದೇ ನಕ್ಷೆ. ಅವಳ ಗೋಡೆ ಹೋಗುತ್ತೆ ಅಂದ್ರೆ ನನ್ನ ಗೋಡೆಗೇನು ಕೊಂಬು ಬಂದಿದೆಯಾ?”

ನನ್ನ ತರ್ಕದ ಮುಂದೆ ಅವನು ಕನ್ನಡಕ ತೆಗೆದು ಒರೆಸಿಕೊಂಡ. ಸೋತಾಗಲೆಲ್ಲ ಅವನು ಹಾಗೇ ಮಾಡುವುದು.

ಮನೆ ಸೇರಿದ ಕೂಡಲೇ ಗೋಡೆಯ ಪರೀಕ್ಷೆ ಶುರುವಾಯಿತು. ವೈದ್ಯರು ರೋಗಿಯ ಎದೆ ತಟ್ಟಿ ನೋಡುವ ಹಾಗೆ ಮನ್ಸು ಬೆರಳ ಗಂಟಿನಿಂದ ಗೋಡೆ ಬಡಿದ. ಟೊಕ್ ಟೊಕ್. ಕಿವಿ ಇಟ್ಟು ಕೇಳಿದ. ಮತ್ತೆ ಟೊಕ್ ಟೊಕ್.

“ಪೊಳ್ಳು ಶಬ್ದ ಬರ್ತಿದೆ,” ಎಂದ.

“ನೋಡಿದ್ರಾ! ಬರೀ ಪೊಳ್ಳು! ಭಾರ ಹೊರೋ ಗೋಡೆ ಆಗಿದ್ರೆ ಗಟ್ಟಿಯಾಗಿ ಕೇಳಿಸ್ತಿರಲಿಲ್ವಾ?” ನನಗೆ ಆನಂದಬಾಷ್ಪ ಬರುವುದೊಂದು ಬಾಕಿ. ಇಷ್ಟು ವರ್ಷ ಇಂಥ ಪೊಳ್ಳು ಗೋಡೆಗೆ ಬಣ್ಣದ ಕಾಗದ ಅಂಟಿಸಿ ಮರ್ಯಾದೆ ಕೊಟ್ಟುಕೊಂಡು ಬಂದಿದ್ದೆನಲ್ಲ!

ನಮ್ಮ ಅಪಾರ್ಟ್‌ಮೆಂಟಿನ ಆಡಳಿತ ಕಚೇರಿಯ ಮುಖ್ಯಸ್ಥರು ಬೇ ಅವರು. ನಗುವುದನ್ನು ನಿಯಮಾವಳಿಯಲ್ಲಿ ಬರೆದಿಲ್ಲವೆಂದು ನಗದೇ ಇರುವ ಮನುಷ್ಯ. ಅವರಿಗೆ ಫೋನು ಮಾಡಿದೆ.

“ಮೊದಲು ಅದು ಭಾರ ಹೊರೋ ಗೋಡೆಯಾ ಅಲ್ವಾ ಅಂತ ನಾನು ಬಂದು ನೋಡ್ಬೇಕು,” ಎಂದರು. “ಹೌದಾದ್ರೆ ಮುಟ್ಟೋ ಹಾಗೇ ಇಲ್ಲ. ಅಲ್ಲ ಅಂದ್ರೆ ನಿಮ್ಮ ಕಟ್ಟಡದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರ ಒಪ್ಪಿಗೆ ಸಹಿ ಬೇಕು. ಆಮೇಲೆ ಪಾಲಿಕೆ ಅನುಮತಿ. ಬರೋ ವಾರ ಬರ್ತೀನಿ.”

ಬರುವ ವಾರ! ಹಬ್ಬ ಬಾಗಿಲಿಗೆ ಬಂದು ನಿಂತಿದೆ, ಇವರು ಬರುವುದು ಬರುವ ವಾರ! ಅವರ ಮಾತಿನ ಮೊದಲರ್ಧ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ಎರಡನೆಯ ಅರ್ಧ ಮಾತ್ರ ನಿಂತಿತು: ಸಹಿ. ಬೆನ್ನು ಮುರಿಯುವ ಕೆಲಸವೆಂದರೆ ಸಹಿ ಸಂಗ್ರಹವೇ, ಅದನ್ನು ಮೊದಲು ಮುಗಿಸಿಟ್ಟರೆ ಗೋಡೆ ತಾನಾಗಿಯೇ ಬೀಳುತ್ತದೆ ಎಂದು ಲೆಕ್ಕ ಹಾಕಿದೆ. ಮರುದಿನವೇ ಕೆಂಪು ಅವರೆಯ ಪುಡಿ ಉದುರಿಸಿದ ಹಬೆ ಕಡುಬು ತರಿಸಿ, ಬಿಸಿಬಿಸಿ ಇರುವಾಗಲೇ ತಟ್ಟೆಗಳಲ್ಲಿಟ್ಟುಕೊಂಡು ಮನೆಮನೆಗೆ ಹೊರಟೆ. ನಮ್ಮಲ್ಲಿ ಕಡುಬು ತಿಂದವರು ಸಹಿ ಹಾಕಲಿಲ್ಲವೆಂದರೆ ಮತ್ತೆ ಲಿಫ್ಟಿನಲ್ಲಿ ಮುಖ ತೋರಿಸುವುದು ಕಷ್ಟ.

ಮೊದಲ ಬಾಗಿಲು ನಮ್ಮ ಕೆಳಗಿನ ಮನೆಯ ಓಕ್‌ಬುನ್ ಅಜ್ಜಿಯದು. ಅಜ್ಜಿ ತಟ್ಟೆ ಇಸಕೊಂಡರು, ಸಹಿ ಮಾತ್ರ ಕೊಡಲಿಲ್ಲ.

“ನಿನ್ನ ಗೋಡೆ ನಿನ್ನ ಗೋಡೆ ಅಂತೀಯಲ್ಲಮ್ಮ, ಅದು ನಿಂತಿರೋದು ನನ್ನ ತಲೆ ಮೇಲೆ. ಒಡೀತೀನಿ ಅಂತ ಬಂದು ಕಡುಬು ಕೊಡ್ತೀಯಾ?”

“ಅಜ್ಜೀ, ಪೊಳ್ಳು ಗೋಡೆ. ನಮ್ಮೆಜಮಾನ್ರು ಬಡಿದು ನೋಡಿದ್ದಾರೆ.”

“ನಿಮ್ಮೆಜಮಾನ ಕನ್ನಡಕ ಮಾರೋನಲ್ವಾ? ಗೋಡೆಗೆ ಕಣ್ಣು ಕಾಣಿಸಲ್ಲ ಅಂತಾನಾ?”

ಬೇರೆ ದಾರಿಯಿಲ್ಲದೆ ಅಜ್ಜಿಯ ಎದುರು ಕೂತು ಉಳ್ಳದ್ದು ಉಳ್ಳಂತೆ ಹೇಳಿಬಿಟ್ಟೆ. ವಾರಗಿತ್ತಿಯ ಹಜಾರ, ಅತ್ತೆಯ ಮಾತು, ನೆಂಟರ ನಗು, ಎಲ್ಲ! ಕೇಳುತ್ತ ಕೇಳುತ್ತ ಅಜ್ಜಿಯ ಕಣ್ಣಿನಲ್ಲಿ ಒಂದು ಬೆಳಕು ಹತ್ತಿಕೊಂಡಿತು.

“ನನ್ನ ತಂಗಿ ಒಬ್ಬಳಿದ್ದಾಳೆ,” ಎಂದರು ಅಜ್ಜಿ. “ಅವಳ ಹಜಾರದಲ್ಲಿ ಹುಣಸೆ ಮರದ ಗಾತ್ರದ ಗಿಡ ಇಟ್ಟಿದ್ದಾಳೆ ಕಣೆ. ನಾನು ಹೋದಾಗಲೆಲ್ಲ ಆ ಗಿಡದ ಪಕ್ಕಾನೇ ಕೂರಿಸ್ತಾಳೆ. ನಿನ್ನ ಗೋಡೆ ಒಡೀಬಹುದು ಅಂದ್ರೆ ಅದರ ಕೆಳಗಿರೋ ನನ್ನ ಗೋಡೇನೂ ಒಡೀಬಹುದು, ಅಲ್ವಾ?”

ಸಹಿ ಬಿತ್ತು! ಪೆನ್ನು ಕಾಗದ ಹರಿಯುವಷ್ಟು ಗಟ್ಟಿಯಾಗಿ ಬಿತ್ತು.

ಅಲ್ಲಿಂದ ಮೇಲಿನ ಮನೆಗೆ. ಸೋಯುನ್ ಎಂಬ ಹುಡುಗಿಯ ತಾಯಿ, ಎಲ್ಲರ ಬಾಯಲ್ಲಿ ಸೋಯುನಮ್ಮ, ನನ್ನ ಮಾತು ಮುಗಿಯುವ ಮೊದಲೇ ಮುಖ ಚಿಕ್ಕದು ಮಾಡಿಕೊಂಡಳು.

“ನಿಮ್ಮ ಹಜಾರ ದೊಡ್ಡದಾದ್ರೆ ನಮ್ಮದು ಗೂಡಾಗ್ಬಿಡುತ್ತಲ್ಲ ದಾಬಿನಮ್ಮ!”

“ನಿಮ್ಮದು ಈಗ ಇದ್ದಷ್ಟೇ ಇರುತ್ತಲ್ಲಮ್ಮ.”

“ಅದೇ ಹೇಳಿದ್ದು! ನಮ್ಮದು ಇದ್ದಷ್ಟೇ ಇರುತ್ತೆ, ನಿಮ್ಮದು ದೊಡ್ಡದಾಗುತ್ತೆ!” ಎಂದು ಸಹಿ ಹಾಕಿ, “ನಾವೂ ಒಡೆಸ್ತೀವಿ,” ಎಂದಳು. ಅವಳ ಮೇಲಿನವಳು ಅವಳಿಂದ ಕೇಳಿ, ಅದರ ಮೇಲಿನವಳು ಇವಳಿಂದ ಕೇಳಿ, ಹೊಟ್ಟೆಕಿಚ್ಚು ಲಿಫ್ಟು ಹತ್ತಿಕೊಂಡು ಮಹಡಿಯಿಂದ ಮಹಡಿಗೆ ಏರಿಹೋಯಿತು. ಸಂಜೆಯ ಹೊತ್ತಿಗೆ ಮೇಲಿಂದ ಕೆಳಗಿನವರೆಗೆ ನಮ್ಮ ಸಾಲಿನ ಎಲ್ಲ ಮನೆಗಳಲ್ಲೂ ಅದೇ ಗೋಡೆ ಕಣ್ಣಿಗೆ ಮುಳ್ಳಾಗಿತ್ತು.

ನಿಜ ಹೇಳುತ್ತೇನೆ, ನನಗೆ ಅದನ್ನೂ ಸಹಿಸಲಾಗಲಿಲ್ಲ. ಎಲ್ಲರ ಹಜಾರವೂ ದೊಡ್ಡದಾದರೆ ನನ್ನದರಲ್ಲಿ ವಿಶೇಷವೇನು ಉಳಿಯಿತು? ನಾನು ಕಂಡುಹಿಡಿದ ಗೋಡೆ, ನಾನು ಹಂಚಿದ ಕಡುಬು, ಇವರೆಲ್ಲ ನನಗಿಂತ ಮೊದಲು ಒಡೆಸಿಬಿಟ್ಟರೆ? ಆ ಯೋಚನೆಯಲ್ಲಿ ಊಟ ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ಕೂತಿದ್ದೇವೆ, ಮೇಲಿನಿಂದ ಟೊಕ್ ಟೊಕ್. ಕೆಳಗಿನಿಂದ ಟೊಕ್ ಟೊಕ್. ಇನ್ನೂ ಮೇಲಿನಿಂದ ಬೇರೊಂದು ಟೊಕ್. ಮಹಡಿಗೊಬ್ಬರು ಗೋಡೆಗೆ ಕಿವಿ ಹಚ್ಚಿ ನಿಂತಿದ್ದಿರಬೇಕು. ಮರಕುಟಿಗಗಳ ಹಿಂಡು ಇಳಿದಂತಿತ್ತು.

“ರೀ! ಸೋಯುನಪ್ಪ ಬಡೀತಾ ಇದ್ದಾನೆ! ನಮಗಿಂತ ಮೊದಲು ಅವನೇ ಒಡೀತಾನೆ! ಸುತ್ತಿಗೆ ತಗೊಳ್ಳಿ!”

“ಬೇ ಅವರು ಬರೋ ವಾರ ಬಂದು...”

“ಪೂರ್ತಿ ಬೇಡ. ಬರೀ ಒಂದು ತೂತು. ಒಳಗೇನಿದೆ ಅಂತ ನೋಡೋಕೆ. ನೋಡೋಕೂ ಅನುಮತಿ ಬೇಕಾ?”

ನೋಡುವ ವಿಷಯ ಬಂದರೆ ಕನ್ನಡಕದವನಿಗೆ ಆಸೆ ತಡೆಯದು. ಸುತ್ತಿಗೆ ತಂದ. ಒಂದು ಕಣ್ಣು ಮುಚ್ಚಿ ಗುರಿ ಹಿಡಿದ. ಬಿಟ್ಟ ನೋಡಿ ಒಂದು ಏಟು! ಢಮಾರ್! ಗೋಡೆ ಹಪ್ಪಳದ ಹಾಗೆ ಮುರಿದು, ಬಿಳಿ ಪುಡಿ ಎದ್ದು, ತಲೆ ತೂರಿಸುವಷ್ಟು ತೂತಾಯಿತು.

“ಆಹಾ! ನೋಡಿದ್ರಾ! ಒಂದೇ ಏಟಿಗೆ! ಗೆದ್ದೆ!” ಎಂದು ನಾನು ಕೂಗಿದ್ದು ನಮ್ಮ ಸಾಲಿಗೆಲ್ಲ ಕೇಳಿಸಿರಬೇಕು. ಏಕೆಂದರೆ ಮರುಕ್ಷಣವೇ ಮೇಲೊಂದು ಢಮಾರ್. ಕೆಳಗೊಂದು ಢಮಾರ್. ಓಕ್‌ಬುನ್ ಅಜ್ಜಿಯ ಕೈಯಲ್ಲಿ ಅಷ್ಟು ಬಲ ಇದೆಯೆಂದು ನನಗೆ ಗೊತ್ತಿರಲಿಲ್ಲ!

ಗಂಡ ಉತ್ಸಾಹದಿಂದ ಎರಡನೇ ಏಟು ಬೀಸಿದ. ಠಣ್! ಸುತ್ತಿಗೆ ಹೋದ ವೇಗದಲ್ಲೇ ವಾಪಸು ಬಂತು. ಗಂಡನೂ ಅದರ ಜೊತೆ ಹಿಂದಕ್ಕೆ ಬಂದು ಹಜಾರದ ನೆಲದ ಮೇಲೆ ಕೂತ. ತೂತಿನೊಳಗೆ ಇಣುಕಿದೆ. ಮುರಿದದ್ದು ಬೆರಳು ದಪ್ಪದ ಸುಣ್ಣದ ಹಲಗೆ ಅಷ್ಟೇ. ಅದರ ಹಿಂದೆ ಸ್ವಲ್ಪ ಖಾಲಿ ಜಾಗ, ಪೊಳ್ಳು ಶಬ್ದ ಬಂದದ್ದು ಅಲ್ಲಿಂದ. ಅದರಾಚೆ ಬೂದು ಬಣ್ಣದ ಕಾಂಕ್ರೀಟು, ಅತ್ತೆ ನಿಂತ ಹಾಗೆ ಅಲ್ಲಾಡದೆ ನಿಂತಿತ್ತು.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಬಾಗಿಲ ಪಕ್ಕದ ಪುಟ್ಟ ಪರದೆಯಲ್ಲಿ ನೋಡಿದರೆ ನಿಜವಾದ ಅತ್ತೆಯೇ, ಕೈಯಲ್ಲಿ ಹಳದಿ ಪಿಯರ್ ಹಣ್ಣಿನ ಚೀಲ!

“ತೂತು ಮುಚ್ಚಿ ತೂತು ಮುಚ್ಚಿ!” ಎಂದು ಕೈಕಾಲು ಬಡಿದೆ. ಗಂಡ ಕ್ಯಾಲೆಂಡರು ತಂದ, ಚಿಕ್ಕದಾಯಿತು. ತಾನೇ ಅದರ ಮುಂದೆ ನಿಂತ, ಅವನೂ ಚಿಕ್ಕವನಾದ. ಕೊನೆಗೆ ನನಗೆ ಹೊಳೆಯಿತು. ಎಡೆ ಇಡುವಾಗ ಅದರ ಹಿಂದೆ ಬಿಚ್ಚಿಡುವ ಮಡಿಕೆ ಪರದೆ ಅಟ್ಟದಲ್ಲಿತ್ತು. ಹೂವು, ಹಕ್ಕಿ, ಬೆಟ್ಟಗಳ ಚಿತ್ರವಿರುವ ಮನೆತನದ ಪರದೆ. ಎಳೆದು ತಂದು ತೂತಿಗೆ ಅಡ್ಡವಾಗಿ ಬಿಚ್ಚಿ ನಿಲ್ಲಿಸಿ, ಹುಡಿ ಒರೆಸಿಕೊಂಡು ಬಾಗಿಲು ತೆಗೆದೆ.

ಅತ್ತೆ ಒಳಗೆ ಬಂದವರೇ ಪರದೆ ನೋಡಿ ಮುಖ ಅರಳಿಸಿದರು. “ಅರೆ, ಆಗಲೇ ತೆಗೆದಿಟ್ಟಿದ್ದೀಯಾ! ನನ್ನ ಮನಸ್ಸಲ್ಲಿರೋದು ನಿನಗೆ ಹೇಗೆ ಗೊತ್ತಾಯ್ತಮ್ಮಾ? ಅದನ್ನ ತಗೊಂಡು ಹೋಗೋಕೇ ಬಂದೆ. ಚಾನ್ಸು ಕೆಳಗೆ ಕಾರಲ್ಲಿದ್ದಾನೆ.”

“ಎಲ್ಲಿಗತ್ತೆ?”

“ಬೋರಾ ಮನೆಗೆ. ಎಡೆ ಅಲ್ಲಿ ಇಡೋದಾದ್ರೆ ಪರದೆ ಇಲ್ಲಿದ್ದು ಏನು ಮಾಡುತ್ತೆ?”

ಹಬ್ಬವೂ ಹೋಯಿತು, ಈಗ ಪರದೆಯೂ! ನಾನು ಪರದೆಗೆ ಬೆನ್ನು ಕೊಟ್ಟು ತೋಳು ಚಾಚಿ ನಿಂತುಬಿಟ್ಟೆ.

“ಈಗ ಬೇಡತ್ತೆ. ಸ್ವಲ್ಪ... ಗಾಳಿಗೆ ಹರವಿದ್ದೀನಿ.”

“ಗೋಡೆಗೆ ಒತ್ತಿ ಹರವಿದ್ರೆ ಎಲ್ಲಿಂದ ಬರುತ್ತೆ ಗಾಳಿ?” ಎಂದು ಅತ್ತೆ ನನ್ನ ಕಡೆಗೂ ಮಗನ ಕಡೆಗೂ ನೋಡಿದರು. “ಲೇ ಮನ್ಸು, ನಿನ್ನ ತಲೆಗೂದಲು ಯಾಕೋ ಬೆಳ್ಳಗಾಗಿದೆ?”

“ವಯಸ್ಸಾಯ್ತಲ್ಲಮ್ಮ,” ಎಂದ ಗಂಡ, ಸುಣ್ಣದ ಹುಡಿ ಕೊಡವಿಕೊಳ್ಳುತ್ತ.

ಆಗ ಚಾವಣಿಯ ಸ್ಪೀಕರು ಗರಗರ ಎಂದಿತು. ಕಸದ ದಿನ, ನೀರಿನ ಟ್ಯಾಂಕು ತೊಳೆಯುವ ದಿನ ಹೇಳುವ ಅದೇ ಸ್ಪೀಕರು. ಬೇ ಅವರ ಗಂಟಲು ಪ್ರತಿ ಮನೆಯಲ್ಲೂ ಮೊಳಗಿತು.

“ಆಡಳಿತ ಕಚೇರಿಯಿಂದ ಪ್ರಕಟಣೆ. ಮೂರನೇ ಸಾಲಿನ ನಿವಾಸಿಗಳು ದಯವಿಟ್ಟು ಈ ಕೂಡಲೇ ಗೋಡೆ ಒಡೆಯುವುದನ್ನು ನಿಲ್ಲಿಸಬೇಕು. ಕೈಯಲ್ಲಿರುವ ಸುತ್ತಿಗೆಗಳನ್ನು ಕೆಳಗಿಡಬೇಕು. ಎಲ್ಲರೂ ಕೆಳಗಿಡಬೇಕು. ಈ ಕೆಲಸಕ್ಕೆ ಕಡುಬು ಹಂಚಿದ ಮನೆಯವರು ಮನೆಯಲ್ಲೇ ಇರಬೇಕು. ನಾನು ಬರುತ್ತಿದ್ದೇನೆ.”

ಅತ್ತೆ ಚಾವಣಿ ನೋಡಿದರು. ಆಮೇಲೆ ನಮ್ಮ ಊಟದ ಮೇಜಿನ ಮೇಲೆ ಉಳಿದಿದ್ದ ಕಡುಬಿನ ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸೊಸೆಯಾದವಳು ಭೂಮಿ ಬಾಯಿ ಬಿಡಬಾರದೇ ಎನ್ನುವುದು ಇಂಥ ಹೊತ್ತಿನಲ್ಲೇ. ಆದರೆ ನಮ್ಮ ಭೂಮಿಯ ಜಾಗದಲ್ಲಿ ಓಕ್‌ಬುನ್ ಅಜ್ಜಿಯ ಹಜಾರವಿತ್ತು.

ಬೇ ಅವರು ಬಂದರು. ಅವರ ಹಿಂದೆ ಓಕ್‌ಬುನ್ ಅಜ್ಜಿ, ಸೋಯುನಮ್ಮ, ಸೋಯುನಪ್ಪ, ಎಲ್ಲರ ತಲೆಯೂ ಬೆಳ್ಳಗೆ. ಒಂದೇ ಗಳಿಗೆಯಲ್ಲಿ ಇಡೀ ಸಾಲಿಗೆ ಮುಪ್ಪು ಬಂದಿತ್ತು. ಬೇ ಪರದೆ ಸರಿಸಿದರು, ತೂತು ನೋಡಿದರು. ಗೋಡೆಯ ಸ್ವಿಚ್ಚಿನ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟರು.

“ಬನ್ನಿ, ನೋಡಿ. ಸುತ್ತಿಗೆ ಬೇಕಿರಲಿಲ್ಲ. ಈ ಮುಚ್ಚಳ ಬಿಚ್ಚಿದ್ರೆ ಸಾಕಿತ್ತು. ಹಲಗೆ ಹಿಂದೆ ಕಾಂಕ್ರೀಟು. ಒಂದು ಗೇಣು ದಪ್ಪ, ಒಳಗೆಲ್ಲ ಕಬ್ಬಿಣ. ನಮ್ಮ ಈ ಹಳೇ ಕಟ್ಟಡಕ್ಕೆ ಕಂಬಗಳೇ ಇಲ್ಲ, ಗೋಡೆಗಳ ಮೇಲೇ ನಿಂತಿದೆ. ಅದರಲ್ಲೂ ಈ ಗೋಡೆ ನೆಲದಿಂದ ತಾರಸಿವರೆಗೂ ಒಂದೇ. ನೀವು ಎಲ್ಲರೂ ಸೇರಿ ಇದನ್ನ ತೆಗೆದಿದ್ರೆ ಹಬ್ಬದ ಹೊತ್ತಿಗೆ ಎಲ್ಲರಿಗೂ ಸೇರಿ ಒಂದೇ ಹಜಾರ ಆಗಿರೋದು. ಬಯಲಲ್ಲಿ!”

“ನಾನು ಮೊದಲೇ ಹೇಳ್ದೆ!” ಎಂದರು ಓಕ್‌ಬುನ್ ಅಜ್ಜಿ, ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ. “ನಾನು ಬೇಡ ಅಂದೆ. ಇವಳೇ ಕಡುಬು ತಿನ್ನಿಸಿ ನನ್ನ ಕೆಡಿಸಿದ್ಲು.”

“ದಾಬಿನಮ್ಮ ಪೊಳ್ಳು ಅಂದ್ರು,” ಎಂದಳು ಸೋಯುನಮ್ಮ. “ನಮ್ಮನೆ ತೂತಿಗೆ ಈಗ ಫ್ರಿಜ್ಜು ಅಡ್ಡ ಇಟ್ಟಿದ್ದೀವಿ. ಹಜಾರದ ಮಧ್ಯ ಫ್ರಿಜ್ಜು! ಇದ್ದ ಹಜಾರವೂ ಅರ್ಧ ಆಯ್ತು.”

ಎಲ್ಲರೂ ಒಂದೊಂದು ಮಾತು ಆಡಿ, ತಂತಮ್ಮ ತೂತುಗಳನ್ನು ನೆನೆದು ನಿಟ್ಟುಸಿರು ಬಿಟ್ಟು ಹೊರಟರು. ಹಲಗೆಯನ್ನೆಲ್ಲ ನಾವೇ ಸರಿಪಡಿಸಿಕೊಳ್ಳಬೇಕೆಂದು ಬೇ ಅಪ್ಪಣೆ ಕೊಡಿಸಿದರು. ಬಾಗಿಲು ಮುಚ್ಚಿದ ಮೇಲೆ ಮನೆಯಲ್ಲಿ ನಾವು ಮೂವರು, ಒಂದು ಪರದೆ, ಒಂದು ತೂತು.

“ಯಾಕಮ್ಮಾ ಇದೆಲ್ಲ?” ಎಂದರು ಅತ್ತೆ. ದನಿ ಜೋರಾಗಿರಲಿಲ್ಲ. ಜೋರಾಗಿದ್ದರೆ ನಾನೂ ಜೋರಾಗಿ ಒಂದು ಸುಳ್ಳು ಹೇಳುತ್ತಿದ್ದೆ. ಮೆಲ್ಲಗೆ ಕೇಳಿದ್ದರಿಂದ ನನ್ನ ಕಟ್ಟೆ ಒಡೆಯಿತು.

“ಮತ್ತೇನು ಮಾಡ್ಲಿ ಅತ್ತೆ? ಇಷ್ಟು ವರ್ಷ ನನ್ನ ಕೈಯಲ್ಲಿ ಎಡೆ ಇಡಿಸಿ, ಈಗ ಹಜಾರ ದೊಡ್ಡದಿದೆ ಅಂತ ಬೋರಾಗೆ ಕೊಟ್ಬಿಟ್ರಿ! ಹಿರಿಸೊಸೆ ಅಂತ ನಾನೊಬ್ಬಳು ಇದ್ದೀನಿ ಅನ್ನೋದು ನೆನಪಿದೆಯಾ? ಅವಳು ಗೋಡೆ ಒಡೆಸಿದ್ಲು ಅಂತ ಅವಳು ಜಾಣೆ, ನನಗೆ ಹೊಟ್ಟೆ ಉರೀತು! ಹೌದು, ಉರೀತು! ಈಗಲೂ ಉರೀತಾ ಇದೆ!”

ಗಂಡ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ. ಅತ್ತೆ ಚೀಲದಿಂದ ಒಂದು ಹಣ್ಣು ತೆಗೆದು, ಚಾಕು ಕೇಳಿ ಇಸಕೊಂಡು, ಸಿಪ್ಪೆ ಹೆರೆಯುತ್ತ ಕೂತರು.

“ಮೊದಲನೇದು, ಬೋರಾ ಯಾವ ಗೋಡೇನೂ ಒಡೆಸಿಲ್ಲ. ಮನೆ ಕಾದಿರಿಸುವಾಗಲೇ ಕಂಪನಿಯವರು ಇಲ್ಲಿ ಗೋಡೆ ಬೇಕಾ ಬೇಡ್ವಾ ಅಂತ ಕೇಳಿದ್ರಂತೆ. ಇವರಿಬ್ಬರೂ ಬೇಡ ಅಂದ್ರಂತೆ. ಆ ಮನೇಲಿ ಆ ಗೋಡೆ ಹುಟ್ಟೇ ಇಲ್ಲ.”

ಹುಟ್ಟದೇ ಇದ್ದ ಗೋಡೆಯ ಮೇಲಿನ ಮತ್ಸರಕ್ಕೆ ಇಡೀ ಕಟ್ಟಡವನ್ನು ಬಲಿ ಕೊಡಲು ಹೊರಟಿದ್ದೆ ನಾನು!

“ಎರಡನೇದು,” ಎಂದು ಅತ್ತೆ ಹಣ್ಣಿನ ಹೋಳನ್ನು ನನ್ನ ಕೈಗಿಟ್ಟರು. “ಹಜಾರದ ಮಾತು ನೆಂಟರೆದುರು ಆಡಿದ್ದು. ಮತ್ತೇನು ಹೇಳ್ಲಿ ಅವರ ಮುಂದೆ? ನಮ್ಮ ಹಿರಿಸೊಸೆ ಜೊನ್ ಬೇಯಿಸೋ ಮೊದಲನೇ ಹೋಳಿನಿಂದ ಕೊನೇ ಹೋಳಿನವರೆಗೂ ಅಯ್ಯಮ್ಮಾ ಸೊಂಟ, ಅಯ್ಯಮ್ಮಾ ಮಂಡಿ ಅಂತ ನರಳ್ತಾಳೆ, ಅದನ್ನ ಕೇಳಿಸ್ಕೊಂಡು ತಿಂದ್ರೆ ಹಿರಿಯರಿಗೆ ಜೀರ್ಣ ಆಗಲ್ಲ ಅಂತ ಹೇಳ್ಲಾ?”

“ನಾನಾ? ನಾನು ಬಾಯಿಬಿಟ್ಟು ಒಂದು ಮಾತು ಆಡಿದವಳಲ್ಲ!”

“ಮಾತು ಆಡಿಲ್ಲಮ್ಮ. ನರಳೋದು ಮಾತಲ್ವಲ್ಲ. ಪಾಪ, ಎಷ್ಟು ಕಷ್ಟವೋ ಏನೋ ಅಂತ ನನಗೇ ಕರುಳು ಹಿಂಡಿತು. ಬೋರಾಗೆ ಹೇಳ್ದೆ, ಈ ಸಲ ಅವಳನ್ನ ಬಿಟ್ಟುಬಿಡೋಣ, ನೀನೇ ಅಂಗಡಿಯಿಂದ ತರಿಸಿ ಏನೋ ಒಂದು ಮಾಡು ಅಂತ. ಅವಳಿಗೂ ಇಷ್ಟ ಇರಲಿಲ್ಲ. ಅಕ್ಕ ಬೇಜಾರು ಮಾಡ್ಕೋತಾರೆ ಅಂದ್ಲು. ಯಾಕೆ ಮಾಡ್ಕೋತಾಳೆ, ಕುಣೀತಾಳೆ ಅಂದೆ ನಾನು.”

ಕೈಯಲ್ಲಿದ್ದ ಹಣ್ಣು ಬಹಳ ಸಿಹಿಯಾಗಿತ್ತು. ನನ್ನ ಮೇಲಿನ ಕರುಣೆಯಿಂದ ಬಿಡುಗಡೆ ಕೊಟ್ಟವರನ್ನು ನಾನು ಹಗೆಗಳೆಂದು ತಿಳಿದಿದ್ದೆ. ಪರದೆಯನ್ನು ನಾನೇ ಮಡಿಚಿ, ಬಟ್ಟೆ ಸುತ್ತಿ, ಲಿಫ್ಟಿನವರೆಗೆ ಹೊತ್ತು ಕೊಟ್ಟೆ. ಅತ್ತೆ ಹೋದ ಮೇಲೆ ಗಂಡ ತೂತಿನ ಮುಂದೆ ನಿಂತು, “ಗಾಳಿ ಮಾತ್ರ ಚೆನ್ನಾಗಿ ಆಡ್ತಿದೆ,” ಎಂದ.

ಚೂಸಕ್ ಬೆಳಿಗ್ಗೆ ಬೋರಾಳ ಮನೆಗೆ ಹೋದೆವು. ಇವತ್ತು ತುಟಿ ಪಿಟಕ್ಕೆನ್ನುವುದಿಲ್ಲ, ನರಳುವುದಂತೂ ಇಲ್ಲವೇ ಇಲ್ಲ ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಗಂಡಸರು ಒಂದೇ ಸಾಲಿನಲ್ಲಿ ನಿಂತು ಅಡ್ಡಬಿದ್ದರು. ಯಾರ ಅಂಡೂ ಯಾವ ಬಾಗಿಲಿಗೂ ತಾಗಲಿಲ್ಲ. ಚಿಕ್ಕಮಾವ ಬಚ್ಚಲಿಗೆ ಹೋಗಿ ಬೇಕೆಂದಾಗ ಹೊರಗೆ ಬಂದರು. ಅಂಗಡಿಯಿಂದ ಪೆಟ್ಟಿಗೆಗಳಲ್ಲಿ ಬಂದಿದ್ದ ಜೊನ್ ಮರದ ತಟ್ಟೆಗಳಲ್ಲಿ ಗೋಪುರವಾಗಿ ನಿಂತಿತ್ತು. ಏಳಲು ಹೋದರೆ, “ಕೂತ್ಕೊಳ್ಳಿ ಅಕ್ಕಾ,” ಎಂದಳು ಬೋರಾ. ತಟ್ಟೆ ಎತ್ತಲು ಹೋದರೆ, “ನೀನು ಕೂತ್ಕೋ,” ಎಂದರು ಅತ್ತೆ. ಒಂದು ಹೋಳು ಬಾಯಿಗೆ ಹಾಕಿಕೊಂಡು ತಪ್ಪು ಹುಡುಕಿದೆ. ಉಪ್ಪು ಸರಿ. ಎಣ್ಣೆ ಸರಿ. ಇನ್ನೊಂದು ಹಾಕಿಕೊಂಡು ಹುಡುಕಿದೆ. ತಪ್ಪು ಸಿಗದೆ ತಟ್ಟೆ ಖಾಲಿಯಾಯಿತು.

ಬೋರಾಳನ್ನು ಕರೆದು ಅತ್ತೆ, “ಎಷ್ಟು ಅಚ್ಚುಕಟ್ಟಾಗಿ ಮಾಡಿದ್ಯಮ್ಮಾ,” ಎಂದರು. ನೆಂಟರು ತಲೆದೂಗಿದರು. ನನ್ನ ಗಂಡ ಎಲ್ಲರಿಗಿಂತ ಹೆಚ್ಚಾಗಿ ತೂಗಿದ. ನಾನು ಹಲ್ಲು ಬಿಗಿಹಿಡಿದು, ಮೈಯೆಲ್ಲ ಬಿಗಿದುಕೊಂಡು, ನಗುತ್ತಲೇ ಕೂತಿದ್ದೆ. ಬೆಳಗಿನಿಂದ ಹಾಗೆ ಕೂತವಳು ಹೊರಡುವ ಹೊತ್ತಿಗೆ ನೆಲಕ್ಕೆ ಕೈಯೂರಿ ಏಳಲು ಹೋದೆ. ಕಟಕ್ ಎಂದಿತು.

“ಅಯ್ಯಮ್ಮಾ, ಸೊಂಟ!”

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಇವತ್ತು ಒಂದು ಕಡ್ಡಿ ಎತ್ತಿಡೋಕೂ ಬಿಟ್ಟಿಲ್ಲವಲ್ಲ ತಾಯಿ. ಇವತ್ತು ಯಾಕೆ ಸೊಂಟ ನೋವು?”

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, ಯಾವ ಮಾತನ್ನೂ ದೂರ ಹತ್ತಿರ ಹಿಡಿದು ನೋಡದೆ ಆಡದವನು, ಈ ಒಂದನ್ನು ಮಾತ್ರ ನೋಡದೆಯೇ ಆಡಿಬಿಟ್ಟ.

“ಬೆಳಗ್ಗೆಯಿಂದ ಹೊಟ್ಟೆಕಿಚ್ಚು ಹೊತ್ಕೊಂಡು ಕೂತಿದ್ದಾಳಲ್ಲಮ್ಮಾ. ಅದೇನು ಕಡಿಮೆ ಭಾರಾನಾ?”

ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಅಷ್ಟು ದೊಡ್ಡ ಹಜಾರ, ಅಡ್ಡ ಒಂದು ಗೋಡೆಯೂ ಇಲ್ಲ. ನಗು ಆ ತುದಿಗೆ ಹೋಗಿ ಮತ್ತೆ ನನ್ನ ಹತ್ತಿರವೇ ವಾಪಸು ಬಂತು. ನಮ್ಮ ಮನೆಯಾಗಿದ್ದರೆ ಇಷ್ಟೊಂದು ಕೇಳಿಸುತ್ತಿರಲಿಲ್ಲ!